ಮೀನಿನ ತಲೆ ಯಾವ ಕಡೆಗೆ?

ಕಳೆದ ಸಲ ಕೊಡೆಯ ಕಡ್ಡಿ ಕಟ್ಟುವ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಮೊಮ್ಮಗ ಮಣಿಪಾಲದಿಂದ ಫೋನು ಮಾಡಿದ. "ಅಜ್ಜ, ಕೊಡೆ ಆಯಿತಲ್ಲ, ಈಗ ನನ್ನ ಬೈಕಿನ ಚೈನು ಬರೆಯಿರಿ. ಇಂದ್ರಾಳಿಯಿಂದ ಮೇಲೆ ಹತ್ತುವಾಗ ಕಟಕಟ ಅಂತ ಸದ್ದು ಬರ್ತದೆ" ಎಂದ. ನಾನು, "ಬರೆಯುವುದು ಆಮೇಲೆ, ಮೊದಲು ಗಾಡಿ ತೆಗೆದುಕೊಂಡು ಬಾ. ನಿಧಾನ ಬಾ" ಎಂದೆ.

ಶನಿವಾರ ಮಧ್ಯಾಹ್ನ ಕಾಪುವಿನ ನಮ್ಮ ಮನೆಯಂಗಳಕ್ಕೆ ಬೈಕು ಬಂತು. ನಾನು ಚೈನು ನೋಡಿದೆ. ಮಳೆಗಾಲದ ಕೆಂಪು ಕೆಸರು, ಕಡಲ ಗಾಳಿಯ ಉಪ್ಪು, ಜೊತೆಗೆ ಲೈಟ್‌ಹೌಸ್ ಬುಡದ ಮರಳು, ಮೂರೂ ಸೇರಿ ಚೈನು ಹಳೆಯ ಬೀಗದ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಹಲ್ಲುಚಕ್ರದ ಹಲ್ಲುಗಳು ತೆಂಗಿನಕಾಯಿ ಕೊಯ್ಯುವ ಕತ್ತಿಯ ತುದಿಯ ಹಾಗೆ ಒಂದು ಕಡೆಗೆ ಬಾಗಿದ್ದವು. ಅವನು ಪುಣ್ಯಾತ್ಮ, ಅಂಗಡಿಯಿಂದ ಹೊಸ ಚೈನು, ಹಿಂದು ಮುಂದಿನ ಎರಡು ಹಲ್ಲುಚಕ್ರ ಎಲ್ಲ ತಂದಿದ್ದ. ಜೊತೆಗೆ ಒಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ. ಅದರೊಳಗೆ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಮೂರು ತುಂಡು ಕಬ್ಬಿಣ.

"ಇದು ಎಂತದು ಅಂತ ಗೊತ್ತುಂಟಾ?" ಎಂದು ಕೇಳಿದೆ.

"ಚೈನ್ ಲಾಕ್. ಮಾಸ್ಟರ್ ಲಿಂಕ್ ಅಂತಲೂ ಹೇಳ್ತಾರೆ. ಅದನ್ನು ಹಾಕುವುದು ಎರಡು ನಿಮಿಷದ ಕೆಲಸ ಅಜ್ಜ."

ಎರಡು ನಿಮಿಷದ ಕೆಲಸ ಹೌದು. ಆ ಎರಡು ನಿಮಿಷದಲ್ಲಿ ನಾನು 1987ರಲ್ಲಿ ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಬೇಕಾಗಿದೆ. ಆದರೆ ಅದು ಅರ್ಥವಾಗಬೇಕಾದರೆ ಮೊದಲು ಚೈನು ಅರ್ಥವಾಗಬೇಕು. ಮಕ್ಕಳೇ, ನಿಮ್ಮ ಸೈಕಲ್ಲು ಹತ್ತಿರ ಇದ್ದರೆ ಅದರ ಪಕ್ಕ ಕುಳಿತೇ ಓದಿ. ಸೈಕಲ್ ಚೈನಿಗೂ ಬೈಕಿನ ಚೈನಿಗೂ ಮೂಲ ರಚನೆ ಒಂದೇ.

ಚೈನಿನಲ್ಲಿ ಎರಡು ಬಗೆಯ ಕೊಂಡಿಗಳಿವೆ. ಒಂದು ಒಳಕೊಂಡಿ, ಇನ್ನೊಂದು ಹೊರಕೊಂಡಿ. ಒಳಕೊಂಡಿಯಲ್ಲಿ ಎರಡು ತಗಡು, ಅವುಗಳ ನಡುವೆ ಎರಡು ಸಣ್ಣ ಕೊಳವೆ, ಆ ಕೊಳವೆಗಳ ಮೇಲೆ ಉರುಳುವ ಎರಡು ಉರುಳೆ. ಹೊರಕೊಂಡಿಯಲ್ಲಿ ಎರಡು ತಗಡು ಮತ್ತು ಎರಡು ಗಟ್ಟಿ ಪಿನ್ನು. ಹೊರಕೊಂಡಿಯ ಪಿನ್ನು ಒಳಕೊಂಡಿಯ ಕೊಳವೆಯೊಳಗೆ ಹಾದುಹೋಗುತ್ತದೆ. ಒಳ, ಹೊರ, ಒಳ, ಹೊರ, ಹೀಗೆ ಮಲ್ಲಿಗೆ ಮಾಲೆಯಂತೆ ಸಾಲು. ಈ ಉರುಳೆಯ ಚೈನನ್ನು 1880ರಲ್ಲಿ ರೂಪಿಸಿದವನು ಹಾನ್ಸ್ ರೆನಾಲ್ಡ್. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಗೆ ಹೋಗಿ ಅಲ್ಲಿ ಒಂದು ಸಣ್ಣ ಚೈನು ತಯಾರಿಕೆಯ ವ್ಯವಹಾರವನ್ನು ಕೊಂಡವನು. ನಿಮ್ಮ ಸೈಕಲ್ಲು, ಮೊಮ್ಮಗನ ಬೈಕು, ಎಲ್ಲದರಲ್ಲೂ ಇರುವುದು ಅದರ ಸಂತತಿಯೇ.

ಒಳ ಹೊರ ಜೋಡಿಯಾಗಿಯೇ ಬರುವುದರಿಂದ ಚೈನಿನ ಕೊಂಡಿಗಳ ಲೆಕ್ಕ ಯಾವಾಗಲೂ ಸಮಸಂಖ್ಯೆ. 104 ಇರಬಹುದು, 106 ಇರಬಹುದು, 105 ಇರುವುದಿಲ್ಲ. ನಾನು ಬ್ಯಾಂಕಿನಲ್ಲಿದ್ದವ. ಎರಡು ಕಡೆಯೂ ತಾಳೆಯಾಗದಿದ್ದರೆ ಲೆಡ್ಜರು ಮುಚ್ಚುವ ಹಾಗಿರಲಿಲ್ಲ. ಚೈನೂ ಹಾಗೆಯೇ. ಬೆಸಸಂಖ್ಯೆಯ ಚೈನನ್ನು ಸೇರಿಸಲು ಅರ್ಧಕೊಂಡಿ ಎಂಬ ಬಾಗಿದ ತುಂಡೊಂದು ಇದೆ. ಆದರೆ ಅದು ಬಲದಲ್ಲಿ ಕಡಿಮೆ, ರಸ್ತೆಯ ಬೈಕಿಗೆ ಬೇಡ.

ಈಗ ಲಾಕಿಗೆ ಬರೋಣ. ಉಳಿದ ಹೊರಕೊಂಡಿಗಳನ್ನು ಕಾರ್ಖಾನೆಯಲ್ಲಿ ಒತ್ತಿ ಶಾಶ್ವತವಾಗಿ ಕೂರಿಸಿರುತ್ತಾರೆ. ಒಂದೇ ಒಂದು ಹೊರಕೊಂಡಿಯನ್ನು ಮಾತ್ರ ಬಿಚ್ಚಿ ಹಾಕುವಂತೆ ಮಾಡಿರುತ್ತಾರೆ. ಅದರ ಮೊದಲ ತುಂಡು ಎರಡು ಪಿನ್ನು ಇರುವ ತಗಡು. ಎರಡನೆಯದು ಆ ಪಿನ್ನುಗಳ ಮೇಲೆ ಕೂರುವ ಮುಚ್ಚಳದ ತಗಡು. ಮೂರನೆಯದು ಆ ತಗಡು ಕಳಚದಂತೆ ಪಿನ್ನಿನ ತುದಿಯ ಕಚ್ಚಿನಲ್ಲಿ ಸಿಕ್ಕಿಸುವ ಸ್ಪ್ರಿಂಗ್ ಕ್ಲಿಪ್ಪು. ಆ ಕ್ಲಿಪ್ಪನ್ನು ಅಂಗೈಯಲ್ಲಿಟ್ಟು ನೋಡಿದರೆ ಥೇಟು ಬಂಗುಡೆ ಮೀನು. ಒಂದು ತುದಿ ಮುಚ್ಚಿದ ದುಂಡು ತಲೆ, ಇನ್ನೊಂದು ತುದಿ ಸೀಳಿದ ಬಾಲ.

ಈ ಮೀನು ಎಷ್ಟು ಕೆಲಸ ಮಾಡುತ್ತದೆ ಎಂದು ಒಂದು ಲೆಕ್ಕ ಮಾಡೋಣ. ಬೈಕಿನ ಹಿಂಚಕ್ರದ ಸುತ್ತಳತೆ 1.9 ಮೀಟರ್ ಎಂದಿಟ್ಟುಕೊಳ್ಳಿ. ಒಂದು ಕಿಲೋಮೀಟರಿಗೆ ಚಕ್ರ ಸುಮಾರು 526 ಸುತ್ತು ತಿರುಗುತ್ತದೆ. ಹಿಂದಿನ ಹಲ್ಲುಚಕ್ರಕ್ಕೆ 42 ಹಲ್ಲು ಇದ್ದರೆ 526 ಗುಣಿಸು 42, ಅಂದರೆ 22,092 ಕೊಂಡಿಗಳು ಅದರ ಮೇಲೆ ಹಾದುಹೋಗುತ್ತವೆ. ಚೈನಿನಲ್ಲಿ 104 ಕೊಂಡಿ ಇದ್ದರೆ, ನಮ್ಮ ಲಾಕ್ ಕಿಲೋಮೀಟರಿಗೆ 212 ಸುತ್ತು ಹೊಡೆಯುತ್ತದೆ. ಮೂವತ್ತು ಕಿಲೋಮೀಟರ್ ಹೋಗಿಬಂದರೆ ಎಷ್ಟು ಸುತ್ತು? ಮಕ್ಕಳೇ, ಅದನ್ನು ನೀವೇ ಲೆಕ್ಕಹಾಕಿ. ಪ್ರತಿ ಸುತ್ತಿನಲ್ಲೂ ಅದು ಎರಡು ಹಲ್ಲುಚಕ್ರಗಳ ಮೇಲೆ ಬಾಗಿ ನೆಟ್ಟಗಾಗಬೇಕು, ಇಂಜಿನ್ನಿನ ಎಳೆತವನ್ನೂ ತಡೆಯಬೇಕು.

ಇಂಥ ಲಾಕನ್ನು ಕೊಳ್ಳುವಾಗ, "ಒಂದು ಚೈನ್ ಲಾಕ್ ಕೊಡಿ" ಎಂದರೆ ಸಾಲದು. ಚೈನಿನ ತಗಡಿನ ಮೇಲೆ ಒಂದು ಸಂಖ್ಯೆ ಒತ್ತಿರುತ್ತಾರೆ, 428 ಅಥವಾ 520 ಎಂಬಂತೆ. ಮೊದಲ ಅಂಕಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿನವರೆಗಿನ ದೂರವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತದೆ. 4 ಎಂದರೆ ಎಂಟರಲ್ಲಿ ನಾಲ್ಕು, ಅಂದರೆ ಅರ್ಧ ಇಂಚು, 12.7 ಮಿಲಿಮೀಟರ್. 5 ಎಂದರೆ ಎಂಟರಲ್ಲಿ ಐದು, 15.875 ಮಿಲಿಮೀಟರ್. ಉಳಿದೆರಡು ಅಂಕಿ ಒಳ ಅಗಲಕ್ಕೆ ಸಂಬಂಧಿಸಿದ್ದು. ಸಂಖ್ಯೆಯ ಮುಂದೆ ಎಚ್ ಅಕ್ಷರ ಇದ್ದರೆ ಅದು ದಪ್ಪ ತಗಡಿನ ಚೈನು. ಇಲ್ಲಿಯೇ ಹಲವರು ಎಡವುವುದು. 428 ಎಚ್ ಚೈನಿಗೆ ಬರೀ 428ರ ಲಾಕ್ ತಂದರೆ ಪಿನ್ನಿನ ಉದ್ದ ಸಾಲುವುದಿಲ್ಲ. ತಗಡು ಕೂತ ಮೇಲೆ ಕ್ಲಿಪ್ಪಿಗೆ ಬೇಕಾದ ಕಚ್ಚು ಹೊರಗೆ ಪೂರ್ತಿ ಕಾಣುವುದೇ ಇಲ್ಲ. ಆಗ ಕ್ಲಿಪ್ಪು ಕಚ್ಚಿದಂತೆ ತೋರುತ್ತದೆ, ಆದರೆ ಕಚ್ಚಿರುವುದಿಲ್ಲ. ಆದ್ದರಿಂದ ಅದೇ ಸಂಖ್ಯೆ, ಅದೇ ಅಕ್ಷರ, ಸಾಧ್ಯವಾದಷ್ಟೂ ಅದೇ ಕಂಪೆನಿಯ ಲಾಕನ್ನೇ ಕೊಳ್ಳಬೇಕು. ಪಿನ್ನುಗಳ ಬುಡದಲ್ಲಿ ಸಣ್ಣ ರಬ್ಬರ್ ಉಂಗುರ ಇರುವ ಚೈನಾದರೆ ಲಾಕಿನ ಜೊತೆ ಅಂಥ ನಾಲ್ಕು ಉಂಗುರ ಬರುತ್ತವೆ. ಪಿನ್ನಿಗೆ ಎರಡರಂತೆ, ಒಳತಗಡಿನ ಎರಡು ಪಕ್ಕಕ್ಕೂ ಹಾಕಬೇಕು. ಹೆಚ್ಚು ಶಕ್ತಿಯ ದೊಡ್ಡ ಬೈಕುಗಳಿಗೆ ಕ್ಲಿಪ್ಪಿನ ಲಾಕ್ ಬೇಡ. ಅವಕ್ಕೆ ಪಿನ್ನಿನ ತುದಿಯನ್ನು ಅರಳಿಸಿ ಕೂರಿಸುವ ರಿವೆಟ್ ಲಾಕ್ ಬರುತ್ತದೆ. ಅದಕ್ಕೆ ಬೇರೆಯೇ ಉಪಕರಣ ಬೇಕು, ತಿಳಿದವರ ಕೈಯಲ್ಲೇ ಹಾಕಿಸಿ.

ಇನ್ನೊಂದು ಮಾತು. ಹಳೆಯ ಚೈನಿಗೆ ಹೊಸ ಲಾಕ್ ಹಾಕಿ ಸುಧಾರಿಸಿಕೊಳ್ಳುವ ಮೊದಲು ಚೈನು ಸವೆದಿದೆಯೇ ಎಂದು ಅಳೆಯಿರಿ. ಚೈನು ಉದ್ದವಾಗಿದೆ ಎನ್ನುತ್ತೇವೆ. ನಿಜವಾಗಿ ಕಬ್ಬಿಣ ರಬ್ಬರಿನ ಹಾಗೆ ಎಳೆದುಕೊಂಡಿರುವುದಿಲ್ಲ. ಪಿನ್ನು ಮತ್ತು ಕೊಳವೆ ಒಂದಕ್ಕೊಂದು ಉಜ್ಜಿ ಸವೆದು, ಪ್ರತಿ ಕೀಲಿನಲ್ಲಿ ಕೂದಲೆಳೆಯಷ್ಟು ಜಾಗ ಆಗಿರುತ್ತದೆ. ಅಂಥ ನೂರು ಕೂದಲೆಳೆ ಸೇರಿದರೆ ಚೈನು ಜೋಲುತ್ತದೆ. 428ರ ಹೊಸ ಚೈನಿನಲ್ಲಿ 21 ಪಿನ್ನು ಎಣಿಸಿ, ಮೊದಲ ಪಿನ್ನಿನ ನಡುವಿನಿಂದ ಕೊನೆಯ ಪಿನ್ನಿನ ನಡುವಿಗೆ ಬಿಗಿಯಾಗಿ ಹಿಡಿದು ಅಳೆದರೆ 254 ಮಿಲಿಮೀಟರ್ ಬರುತ್ತದೆ. ಸರಿಯಾಗಿ ಹತ್ತು ಇಂಚು. ಅದು 259 ಮುಟ್ಟಿದರೆ ಸವೆತ ಸುಮಾರು ಶೇಕಡಾ ಎರಡು, ಚೈನು ಬದಲಿಸುವ ಕಾಲ ಬಂತು. ಚೈನಿನ ಜೊತೆಗೆ ಎರಡೂ ಹಲ್ಲುಚಕ್ರ ಬದಲಿಸಬೇಕು. ಬಾಗಿದ ಹಳೆಯ ಹಲ್ಲು ಹೊಸ ಚೈನನ್ನು ಬೇಗ ತಿಂದುಹಾಕುತ್ತದೆ. ಮೊಮ್ಮಗನ ಚೈನು 261 ತೋರಿಸಿತು.

ಸರಿ, ಕೆಲಸ ಶುರುಮಾಡಿದೆವು. ಮಕ್ಕಳಿಗೆ ಇಲ್ಲಿ ನೋಡುವ ಕೆಲಸ ಮಾತ್ರ. ಗಾಡಿ ಗಟ್ಟಿ ನೆಲದ ಮೇಲೆ ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ಇಂಜಿನ್ ಆರಿರಬೇಕು, ಗೇರು ನ್ಯೂಟ್ರಲ್ಲಿನಲ್ಲಿರಬೇಕು, ಕೀಲಿಕೈ ಕಿಸೆಯಲ್ಲಿರಬೇಕು. ಬಟ್ಟೆ ಹಿಡಿದು, ಇಂಜಿನ್ ಓಡಿಸಿ, ಗೇರಿನಲ್ಲಿ ಚಕ್ರ ತಿರುಗಿಸಿ ಚೈನು ಒರೆಸುವವರನ್ನು ನಾನು ನೋಡಿದ್ದೇನೆ. ಬಟ್ಟೆಯನ್ನು ಚೈನು ಎಳೆದುಕೊಂಡರೆ ಬೆರಳು ಹಿಂಬಾಲಿಸುತ್ತದೆ. ಹಲ್ಲುಚಕ್ರಕ್ಕೆ ಬಟ್ಟೆ ಯಾವುದು, ಬೆರಳು ಯಾವುದು ಎಂದು ತಿಳಿಯುವುದಿಲ್ಲ. ಚಕ್ರವನ್ನು ಕೈಯಲ್ಲೇ ತಿರುಗಿಸಿ, ಅದೂ ಟೈರು ಹಿಡಿದು.

ಹೊಸ ಹಲ್ಲುಚಕ್ರ ಕೂರಿಸಿ, ಹೊಸ ಚೈನನ್ನು ಸುತ್ತಿ, ಅದರ ಎರಡು ತುದಿಗಳನ್ನೂ ಹಿಂದಿನ ಹಲ್ಲುಚಕ್ರದ ಅಕ್ಕಪಕ್ಕದ ಹಲ್ಲುಗಳ ಮೇಲೆ ಕೂರಿಸಿದೆವು. ಹಾಗೆ ಮಾಡಿದರೆ ತುದಿಗಳನ್ನು ಎಳೆದು ಹಿಡಿಯುವ ಕಷ್ಟವಿಲ್ಲ, ಹಲ್ಲೇ ಹಿಡಿದುಕೊಳ್ಳುತ್ತದೆ. ಪಿನ್ನುಗಳಿಗೆ ಗ್ರೀಸು ಹಚ್ಚಿ ಒಳಗಡೆಯಿಂದ ಹೊರಕ್ಕೆ, ಅಂದರೆ ಟೈರಿನ ಕಡೆಯಿಂದ ನಮ್ಮ ಕಡೆಗೆ ತೂರಿಸಿದೆವು. ಕ್ಲಿಪ್ಪು ಹೊರಗಡೆ ಇದ್ದರೆ ದಿನಾ ಕಣ್ಣಿಗೆ ಬೀಳುತ್ತದೆ. ಮೇಲೆ ಮುಚ್ಚಳದ ತಗಡು. ಕೆಲವು ತಗಡು ಕೈಯಲ್ಲೇ ಕೂರುತ್ತದೆ, ಕೆಲವಕ್ಕೆ ಒತ್ತುವ ಉಪಕರಣ ಬೇಕು. ಸುತ್ತಿಗೆಯಿಂದ ಬಡಿಯಬೇಡಿ. ಓರೆಯಾಗಿ ಕೂರುತ್ತದೆ, ಇಲ್ಲವೇ ತೀರ ಒಳಹೋಗಿ ಕೀಲು ಬಿಗಿಯುತ್ತದೆ. ಎರಡು ಪಿನ್ನಿನ ಕಚ್ಚುಗಳೂ ತಗಡಿನ ಹೊರಗೆ ಪೂರ್ತಿ ಕಾಣಬೇಕು, ಅಷ್ಟು ಸಾಕು.

ಉಳಿದದ್ದು ಮೀನು. ಮೊಮ್ಮಗ ಕ್ಲಿಪ್ಪನ್ನು ಬೆರಳಲ್ಲಿ ಹಿಡಿದು, "ತಲೆ ಯಾವ ಕಡೆಗೆ ಅಜ್ಜ?" ಎಂದ.

ನಾನು ಅವನ ಕೈಯನ್ನು ಅಲ್ಲೇ ತಡೆದೆ. 1987ರ ಕಥೆಯನ್ನು ಅವನಿಗೆ ಹೇಳಿದ್ದು ಆಗಲೇ.

ಆಗ ನನ್ನ ಬಳಿ ಒಂದು ಯೆಜ್ಡಿ ಇತ್ತು. ಅಜ್ಜಂದಿರಿಗೆ ಆ ಹೆಸರು ಸಾಕು, ಮೊಮ್ಮಕ್ಕಳಿಗಾಗಿ ಎರಡು ಮಾತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ ಇತ್ತು. 1960ರ ದಶಕದ ಆರಂಭದಿಂದ ಅಲ್ಲಿ ಜೆಕ್ ನಾಡಿನ ಜಾವಾ ಬೈಕುಗಳು, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನವು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಎರಡು ಸೈಲೆನ್ಸರು, ಕಿಕ್ ಹೊಡೆಯುವ ಸನ್ನೆಯೇ ಮಡಚಿದರೆ ಗೇರಿನ ಸನ್ನೆ. ಆ ಗಾಡಿಯ ಚೈನಿಗೆ ಪೂರ್ತಿ ಮುಚ್ಚಿದ ಆವರಣ ಇರುತ್ತಿತ್ತು, ಕೆಸರು ಮರಳು ಒಳಹೋಗದಂತೆ. ನನ್ನ ಗಾಡಿಯದ್ದು ಉಪ್ಪು ಗಾಳಿಗೆ ತುಕ್ಕು ಹಿಡಿದು ತೂತಾಗಿತ್ತು. ಹೊಸತು ಹಾಕಿಸುವ ಬದಲು ಕಿತ್ತು ಮೂಲೆಗೆ ಎಸೆದಿದ್ದೆ. ಅದು ನನ್ನ ಮೊದಲ ತಪ್ಪು.

ಕೆಲಸ ಆಗ ಕಾರ್ಕಳದಲ್ಲಿ. ಕಾಪುವಿನಿಂದ ಶಿರ್ವ, ಬೆಳ್ಮಣ್ ದಾರಿಯಾಗಿ ದಿನಾ ಹೋಗಿಬರುತ್ತಿದ್ದೆ. ಗಾಡಿ ನೋಡಿಕೊಳ್ಳುತ್ತಿದ್ದವರು ಕಾಪು ಪೇಟೆಯ ಒಬ್ಬ ಮೆಕ್ಯಾನಿಕ್. ಹೆಸರು ಬೇಡ. ಮಿತಭಾಷಿ. ಚೈನು ಹೊಸತು ಹಾಕಿದಾಗ ನಾನು ಪಕ್ಕದಲ್ಲಿ ಕುಳಿತು ನೋಡಿದ್ದೆ. ಅವರು ಕ್ಲಿಪ್ಪು ತೋರಿಸಿ, "ಇದು ಬಂಗುಡೆ ಸಾರ್. ಮೀನಿನ ತಲೆ ಮುಂದೆ ಇರಬೇಕು, ಅಷ್ಟು ನೆನಪಿಡಿ" ಎಂದಿದ್ದರು. ನೆನಪಿಟ್ಟುಕೊಂಡೆ.

ಜೂನ್ ತಿಂಗಳ ಒಂದು ಭಾನುವಾರ ಮಳೆ ಸ್ವಲ್ಪ ಬಿಟ್ಟಿತ್ತು. ನಾನೇ ಅಂಗಳದಲ್ಲಿ ಚೈನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಹಾಕಿ, ತಿರುಗಿ ಜೋಡಿಸಿದೆ. ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆದದ್ದರಿಂದ ಅದರ ಬಾಲ ತುಸು ಅಗಲವಾಗಿತ್ತು. ಅದನ್ನೇ ಹಾಕಿದೆ. ಅದು ಎರಡನೆಯ ತಪ್ಪು. ಬಿಚ್ಚಿದ ಕ್ಲಿಪ್ಪನ್ನು ಮತ್ತೆ ಹಾಕಬಾರದು. ಮೂರನೆಯ ತಪ್ಪು ಏನೆಂದು ನನಗೆ ಆಗ ತಿಳಿದಿರಲಿಲ್ಲ.

ನಾಲ್ಕು ದಿನ ಕಳೆದು ಹೆಂಡತಿಯ ತವರಿಗೆ ಹೊರಟೆವು, ಕಾರ್ಕಳಕ್ಕೆ. ಐದು ವರ್ಷದ ಮಗಳು ಪೆಟ್ರೋಲ್ ಟ್ಯಾಂಕಿನ ಮೇಲೆ, ಹೆಂಡತಿ ಹಿಂದೆ. ಶಿರ್ವ ದಾಟಿ ಬೆಳ್ಮಣ್ ಕಡೆಗಿನ ಒಂದು ಏರಿನಲ್ಲಿ ಕಾಲಿನ ಹತ್ತಿರ ಟಪ್ ಎಂದು ಸದ್ದು. ತುಂಡಾದ ಚೈನು ಹಿಂದಿನ ಚಕ್ರದ ಪಕ್ಕದಲ್ಲಿ ಸಿಕ್ಕಿಕೊಂಡಿತು. ಚಕ್ರ ನಿಂತೇಬಿಟ್ಟಿತು. ಒದ್ದೆ ರಸ್ತೆಯಲ್ಲಿ ಗಾಡಿ ಅಡ್ಡ ಜಾರಿತು. ಏರು ಆದ್ದರಿಂದ ವೇಗ ಇರಲಿಲ್ಲ. ಮಗಳನ್ನು ಎಡಗೈಯಲ್ಲಿ ತಬ್ಬಿ ಹಿಡಿದಿದ್ದೆ, ಅವಳಿಗೆ ಏನೂ ಆಗಲಿಲ್ಲ. ಹೆಂಡತಿ ಕೈಯೂರಿ ಬಿದ್ದಳು, ಎಡ ಮಣಿಕಟ್ಟು ಮುರಿಯಿತು. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಚಾಲಕ ದೂರದಲ್ಲೇ ಬ್ರೇಕು ಹಾಕಿದ. ಅದೇ ಇಳಿಜಾರಾಗಿದ್ದರೆ ಎಂದು ಯೋಚಿಸುವುದನ್ನು ನಾನು ಬಿಟ್ಟಿದ್ದೇನೆ.

ಮರುದಿನ ಗ್ಯಾರೇಜಿಗೆ ಹೋದೆ. ಅಲ್ಲಿ ಐದಾರು ಜನ ಇದ್ದರು. ಅವರ ಮುಂದೆಯೇ, ಎಂಥ ಚೈನು ಹಾಕಿದ್ದೀರಿ, ನನ್ನ ಹೆಂಡತಿ ಮಗು ಸಾಯುತ್ತಿದ್ದರು ಎಂದು ಬಾಯಿಗೆ ಬಂದಂತೆ ಬೈದೆ. ಅವರು ಎದುರು ಮಾತಾಡಲಿಲ್ಲ. ಗಾಡಿ ತರಿಸಿದರು. ಚೈನಿನ ಎರಡು ತುದಿಗಳನ್ನು ಹಿಂದಿನ ಹಲ್ಲುಚಕ್ರದ ಕೆಳಬದಿಗೆ ತಂದು ಹೊಸ ಲಾಕ್ ಒಂದನ್ನು ನನ್ನ ಕೈಗೆ ಕೊಟ್ಟು, "ಭಾನುವಾರ ನೀವು ಹೇಗೆ ಹಾಕಿದ್ರೋ ಹಾಗೇ ಹಾಕಿ ತೋರಿಸಿ ಸಾರ್" ಎಂದರು. ನಾನೇ ಬಿಚ್ಚಿದ್ದು ಅವರಿಗೆ ಹೇಗೆ ತಿಳಿಯಿತೋ. ಬಹುಶಃ ಚೈನಿನ ಎಣ್ಣೆಯೇ ಹೇಳಿರಬೇಕು.

ನಾನು ಕುಕ್ಕರಗಾಲಿನಲ್ಲಿ ಕುಳಿತು ಹಾಕಿದೆ. ಮೀನಿನ ತಲೆ ಮುಂದಕ್ಕೆ, ಅಂದರೆ ಹ್ಯಾಂಡಲ್ಲಿನ ಕಡೆಗೆ. "ಇಗೋ, ನೀವು ಹೇಳಿಕೊಟ್ಟ ಹಾಗೆಯೇ ಉಂಟು" ಎಂದೆ.

"ಈಗ ಚಕ್ರ ಅರ್ಧ ಸುತ್ತು ತಿರುಗಿಸಿ."

ಗಾಡಿ ಮುಂದೆ ಹೋಗುವಾಗ ತಿರುಗುವ ದಿಕ್ಕಿನಲ್ಲೇ ಚಕ್ರ ತಿರುಗಿಸಿದೆ. ಕೆಳಗಿದ್ದ ಕ್ಲಿಪ್ಪು ಹಿಂದಿನಿಂದ ಸುತ್ತಿ ಮೇಲೆ ಬಂತು. ಬಾಲ ಮುಂದಕ್ಕೆ, ತಲೆ ಹಿಂದಕ್ಕೆ. ಅವರು ಮೆಲ್ಲಗೆ, "ಮೀನು ಬಾಲ ಮುಂದೆ ಮಾಡಿ ಈಜುದಾ ಸಾರ್?" ಎಂದರು. ನಿಂತವರು ನಕ್ಕರು.

ಮಕ್ಕಳೇ, ವಿಷಯ ಇಷ್ಟೆ. ಚೈನಿನ ಮೇಲಿನ ಸಾಲು ಹ್ಯಾಂಡಲ್ಲಿನ ಕಡೆಗೆ ಓಡುತ್ತದೆ, ಕೆಳಗಿನ ಸಾಲು ಹಿಂಚಕ್ರದ ಕಡೆಗೆ ಓಡುತ್ತದೆ. ಮುಂದೆ ಎಂದರೆ ಗಾಡಿಯ ಮುಂದೆ ಅಲ್ಲ, ಚೈನು ಓಡುವ ಮುಂದೆ. ಲಾಕ್ ಮೇಲಿನ ಸಾಲಿನಲ್ಲಿದ್ದರೆ ಮೀನಿನ ತಲೆ ಹ್ಯಾಂಡಲ್ಲಿನ ಕಡೆಗೆ. ಕೆಳಗಿನ ಸಾಲಿನಲ್ಲಿದ್ದರೆ ತಲೆ ಹಿಂದಕ್ಕೆ. ಇದಕ್ಕೆ ಕಾರಣವೂ ಇದೆ. ಓಡುವ ಚೈನಿಗೆ ಕಲ್ಲೋ, ಕೆಸರಿನ ಮುದ್ದೆಯೋ, ತಗಡಿನ ಅಂಚೋ ತಾಗಿದರೆ ಅದು ಕ್ಲಿಪ್ಪನ್ನು ಹಿಂದಕ್ಕೆ ತಳ್ಳುತ್ತದೆ. ತಲೆ ಮುಂದಿದ್ದರೆ ಆ ತಳ್ಳುವಿಕೆ ಕ್ಲಿಪ್ಪನ್ನು ಕಚ್ಚಿನಲ್ಲಿ ಇನ್ನಷ್ಟು ಗಟ್ಟಿ ಕೂರಿಸುತ್ತದೆ. ಸೀಳುಬಾಲ ಮುಂದಿದ್ದರೆ ಅದೇ ತಳ್ಳುವಿಕೆ ಬಾಲವನ್ನು ಪಿನ್ನಿನಿಂದ ಜಾರಿಸಿ ಹೊರಹಾಕುತ್ತದೆ. ನಾವು ಇಕ್ಕಳದಿಂದ ಕ್ಲಿಪ್ಪು ತೆಗೆಯುವಾಗ ಮಾಡುವುದೂ ಅದನ್ನೇ. ಕ್ಲಿಪ್ಪು ಹೋದ ಮೇಲೆ ತಗಡು, ತಗಡು ಹೋದ ಮೇಲೆ ಚೈನು.

ಆ ದಿನ ನಾನು ದುಡ್ಡು ಕೊಟ್ಟು ತಲೆ ತಗ್ಗಿಸಿ ಬಂದೆ. ಕಥೆ ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ಆದರೆ ಕಾರ್ಕಳದಲ್ಲಿ ಸಹೋದ್ಯೋಗಿಗಳು "ಏನಾಯಿತು?" ಎಂದು ಕೇಳಿದಾಗ, "ಗ್ಯಾರೇಜಿನವರ ಅಜಾಗರೂಕತೆ, ಚೈನು ಸರಿಯಾಗಿ ಹಾಕಿರಲಿಲ್ಲ" ಎಂದುಬಿಟ್ಟೆ. ಹೆಂಡತಿಯ ಕೈಯಲ್ಲಿ ಪ್ಲಾಸ್ಟರ್ ಇರುವಾಗ, ಅದು ನನ್ನಿಂದ ಆದದ್ದು ಎಂದು ಹೇಳುವುದಕ್ಕೆ ನಾಲಗೆ ಬರಲಿಲ್ಲ. ಒಮ್ಮೆ ಹೇಳಿದ ಸುಳ್ಳನ್ನು ಎರಡನೆಯ ಸಲ ಹೇಳುವುದು ಸುಲಭ. ಆ ಗ್ಯಾರೇಜಿಗೆ ಹೋಗುತ್ತಿದ್ದ ನಮ್ಮ ಇಬ್ಬರು ತಮ್ಮ ಗಾಡಿಗಳನ್ನು ಉಡುಪಿಗೆ ಒಯ್ಯತೊಡಗಿದರು. ನನಗೆ ಅದು ಗೊತ್ತಿತ್ತು. ಸುಮ್ಮನಿದ್ದೆ.

ನಿವೃತ್ತಿಯಾದ ಮೇಲೆ ಒಂದು ದಿನ ಅವರ ಬಳಿಗೆ ಹೋಗಿ ತಪ್ಪಾಯಿತು ಎಂದೆ. ಅವರು ಕೈ ಒರೆಸಿಕೊಳ್ಳುತ್ತಾ, "ಅದೆಲ್ಲ ಬಿಡಿ ಸಾರ್. ಅಮ್ಮನ ಕೈ ಹೇಗುಂಟು?" ಎಂದರು. ಈಗ ಅವರಿಲ್ಲ. ಗ್ಯಾರೇಜೂ ಇಲ್ಲ, ಹೆದ್ದಾರಿ ಅಗಲವಾದಾಗ ಆ ಸಾಲು ಅಂಗಡಿಗಳೆಲ್ಲ ಹೋದವು. ಅವರಲ್ಲಿ ಕ್ಷಮೆ ಕೇಳಿದ್ದೆ, ಆದರೆ ಅವರ ಬಗ್ಗೆ ಯಾರಿಗೆಲ್ಲ ಸುಳ್ಳು ಹೇಳಿದ್ದೆನೋ ಅವರಿಗೆ ನಿಜ ಹೇಳಿರಲಿಲ್ಲ.

ಕಥೆ ಕೇಳಿದ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿಗೆ ಗೊತ್ತುಂಟಾ?" ಎಂದು ಪಿಸುಗುಟ್ಟಿದ.

ಜಗಲಿಯಲ್ಲಿ ಬಸಳೆ ಬಿಡಿಸುತ್ತಿದ್ದವಳು ಅಲ್ಲಿಂದಲೇ ಹೇಳಿದಳು: "ಗೊತ್ತಿಲ್ಲದೆ ಎಂತ? ಆ ಭಾನುವಾರ ಸೀಮೆಎಣ್ಣೆ ತಂದುಕೊಟ್ಟದ್ದು ನಾನೇ ಅಲ್ವಾ. ಇವರು ಹೇಳುದು ಯಾವಾಗ ಅಂತ ನೋಡ್ತಾ ಇದ್ದೆ."

ಅವಳ ಎಡ ಮಣಿಕಟ್ಟು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಆಮೇಲೆ ಕೆಲಸ ಮುಂದುವರಿಸಿದೆವು. ಕ್ಲಿಪ್ಪನ್ನು ಬೆರಳಿನಿಂದ ಎರಡು ಪಿನ್ನುಗಳ ಕಚ್ಚಿಗೆ ಸರಿಹೊಂದಿಸಿ, ಇಕ್ಕಳದ ಒಂದು ತುದಿಯನ್ನು ಮೀನಿನ ತಲೆಗೂ ಇನ್ನೊಂದನ್ನು ಬಾಲದ ಕಡೆಯ ಪಿನ್ನಿಗೂ ಆನಿಸಿ ಮೆಲ್ಲಗೆ ಅಮುಕಿದೆವು. ಟಿಕ್ ಎಂದು ಕೂತಿತು. ಕಣ್ಣಿಗೆ ಏನೂ ಸಿಡಿಯದಂತೆ ಕನ್ನಡಕ ಹಾಕಿಕೊಂಡಿರಬೇಕು. ಕ್ಲಿಪ್ಪು ಸ್ಪ್ರಿಂಗ್ ಆದ್ದರಿಂದ ಜಾರಿದರೆ ಹಾರುತ್ತದೆ. ಕೂತ ಮೇಲೆ ಮೂರು ಪರೀಕ್ಷೆ. ಒಂದು, ಕ್ಲಿಪ್ಪು ಎರಡು ಕಚ್ಚಿನಲ್ಲೂ ಚಪ್ಪಟೆಯಾಗಿ ಕೂತಿದೆಯೇ? ಉಗುರಿನಿಂದ ಎಬ್ಬಿಸಿದರೆ ಅಲುಗಬಾರದು. ಎರಡು, ಆ ಕೊಂಡಿ ಉಳಿದವುಗಳಂತೆಯೇ ಸಲೀಸಾಗಿ ಬಾಗುತ್ತದೆಯೇ? ಮೂರು, ಟೈರು ಹಿಡಿದು ಚಕ್ರವನ್ನು ಮುಂದಕ್ಕೆ ತಿರುಗಿಸಿ, ಕ್ಲಿಪ್ಪು ಮೇಲಿನ ಸಾಲಿಗೆ ಬರಲಿ. ತಲೆ ಹ್ಯಾಂಡಲ್ಲಿನ ಕಡೆಗೆ ಇದೆಯೇ? ಈ ಮೂರನೆಯದನ್ನು ಯಾರು ಹಾಕಿದ್ದರೂ, ಎಷ್ಟೇ ಅನುಭವಿಗಳು ಹಾಕಿದ್ದರೂ ಒಮ್ಮೆ ನೋಡಿ.

ಚೈನಿನ ಬಿಗಿಯನ್ನು ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟೇ ಇಡಬೇಕು. ಸಣ್ಣ ಬೈಕುಗಳಿಗೆ ಕೆಳಗಿನ ಸಾಲಿನ ನಡುವೆ ಬೆರಳಿನಿಂದ ಎತ್ತಿ ಇಳಿಸಿದರೆ ಸಾಮಾನ್ಯವಾಗಿ 25ರಿಂದ 30 ಮಿಲಿಮೀಟರ್ ಆಡುತ್ತದೆ. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ಅಳೆದು, ಅತಿ ಬಿಗಿಯಾದ ಜಾಗದಲ್ಲಿ ಈ ಅಳತೆ ಇರಲಿ. ವೀಣೆಯ ತಂತಿಯ ಹಾಗೆ ಬಿಗಿದರೆ ಇಬ್ಬರು ಕುಳಿತು ಹೊಂಡಕ್ಕೆ ಇಳಿದಾಗ ಚೈನಿಗೆ ಹೋಗಲು ಜಾಗವೇ ಇರುವುದಿಲ್ಲ. ಹಿಂದಿನ ಅಚ್ಚಿನ ಎರಡು ಬದಿಯ ಗುರುತುಗಳೂ ಒಂದೇ ಗೆರೆಯಲ್ಲಿರಬೇಕು. ಮಳೆಗಾಲದಲ್ಲಿ, ಅದರಲ್ಲೂ ಕಡಲ ಪಕ್ಕದ ಊರವರು, ವಾರಕ್ಕೊಮ್ಮೆ ಚೈನು ಒರೆಸಿ ಎಣ್ಣೆ ಕಾಣಿಸಿ. ಪೆಟ್ರೋಲಿನಿಂದ ತೊಳೆಯಬೇಡಿ, ಬೆಂಕಿಯ ಭಯ ಒಂದು, ರಬ್ಬರ್ ಉಂಗುರ ಹಾಳಾಗುವುದು ಇನ್ನೊಂದು. ಒಂದು ಹೊಸ ಲಾಕ್ ಗಾಡಿಯ ಉಪಕರಣದ ಚೀಲದಲ್ಲಿ ಸದಾ ಇರಲಿ. ಒಂದು ಮಸಾಲೆ ದೋಸೆಯ ಬೆಲೆಯೊಳಗೆ ಮುಗಿಯುತ್ತದೆ.

ಅಜ್ಜಿಯಂದಿರಿಗೆ ಒಂದು ಮಾತು. ಹಿಂದೆ ಕೂರುವಾಗ ಸೀರೆಯ ಸೆರಗು, ಮೊಮ್ಮಗಳ ದುಪ್ಪಟ್ಟಾ ಒಳಗೆ ಸಿಕ್ಕಿಸಿಕೊಳ್ಳಿ. ಹಿಂಚಕ್ರದ ಕನಿಷ್ಠ ಅರ್ಧ ಭಾಗ ಮುಚ್ಚುವ ತಡೆ, ಹಿಂದೆ ಕೂತವರಿಗೆ ಕೈಹಿಡಿ, ಕಾಲಿಡುವ ಮೆಟ್ಟು, ಇವು ಮೂರೂ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಚಂದ ಕಾಣುವುದಿಲ್ಲ ಎಂದು ಮೊಮ್ಮಗ ಆ ತಡೆಯನ್ನು ಕಿತ್ತಿದ್ದರೆ, ಮತ್ತೆ ಹಾಕಿಸುವವರೆಗೆ ಹಿಂದೆ ಕೂರುವುದಿಲ್ಲ ಎಂದು ಹಠ ಹಿಡಿಯಿರಿ. ಚೈನಿನ ಆವರಣ ಕಿತ್ತೆಸೆದ ನಾನು ಇದನ್ನು ಹೇಳಬಹುದು.

ಬ್ಯಾಂಕಿನಲ್ಲಿ ನಾನು ಸೇರಿದ ಹೊಸದರಲ್ಲಿ ಕಲಿಸಿದ ಒಂದು ನಿಯಮ ಇತ್ತು. ಲೆಡ್ಜರಿನಲ್ಲಿ ತಪ್ಪು ನಮೂದಾದರೆ ಅದನ್ನು ಉಜ್ಜಿ ಅಳಿಸಬಾರದು, ಮೇಲೆ ತಿದ್ದಬಾರದು. ತಪ್ಪು ಕಾಣುವಂತೆ ಬಿಟ್ಟು, ಸರಿಯಾದ ನಮೂದನ್ನು ಬೇರೆ ಬರೆದು ಸಹಿ ಹಾಕಬೇಕು. 1987ರಲ್ಲಿ ಕಾರ್ಕಳದಲ್ಲಿ ನನ್ನ ಜೊತೆ ಇದ್ದವರಲ್ಲಿ ಕೆಲವರಾದರೂ ಈ ಪತ್ರಿಕೆ ಓದುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ: ಆ ಚೈನು ಹಾಕಿದ್ದು ಗ್ಯಾರೇಜಿನವರಲ್ಲ, ನಾನು. ಕ್ಲಿಪ್ಪನ್ನು ಹಿಂದುಮುಂದಾಗಿ ಹಾಕಿದ್ದೂ ನಾನೇ. ಅವರು ಹೇಳಿಕೊಟ್ಟದ್ದು ಸರಿಯಾಗಿಯೇ ಇತ್ತು.

ಮೊಮ್ಮಗ ಭಾನುವಾರ ಸಂಜೆ ಮಣಿಪಾಲಕ್ಕೆ ಹೊರಟ. ಗಾಡಿ ಹತ್ತುವ ಮೊದಲು ಬಗ್ಗಿ ಚೈನು ನೋಡಿದ. ಕ್ಲಿಪ್ಪು ಕೆಳಗಿನ ಸಾಲಿನಲ್ಲಿತ್ತು, ತಲೆ ಹಿಂದಕ್ಕೆ. "ಸರಿ ಉಂಟು ಅಜ್ಜ" ಎಂದ. ತಲುಪಿದ ಮೇಲೆ ಫೋನು ಮಾಡಿದ. ಇಂದ್ರಾಳಿಯ ಏರಿನಲ್ಲಿ ಸದ್ದು ಇರಲಿಲ್ಲವಂತೆ.